ಘೋಷಣೆಯ ಕೊನೆಯ ಪ್ಯಾರಾ ಯಾರಿಗಾಗಿ? ಸಾರ್ಕ್ ಸಭೆ, ಆತಿಥ್ಯ, ಧನ್ಯವಾದ

ಮಳೆಮಲ್ಲೇಶ್ವರದ ನೆರಳು (ಕೊಪ್ಪಳ)
ಭಾನುವಾರ, ಸಂಜೆ 6:40

ಎಲ್ಲರಿಗೂ ನಮಸ್ಕಾರ. ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಮಕ್ಕಳಿಂದ ಅಣಕು ಸಂಸತ್ತಿನ ಬದಲು ದಕ್ಷಿಣ ಏಷ್ಯಾದ ಎಂಟು ದೇಶಗಳ ಸಹಕಾರ ಸಂಸ್ಥೆಯಾದ ಸಾರ್ಕ್‌ನ ಅಣಕು ಶೃಂಗಸಭೆ ಮಾಡಿಸುತ್ತಿದ್ದೇನೆ. ಎಂಟು ದೇಶ, ಎಂಟು ಮೇಜು, ಕೊನೆಗೆ ಒಂದು ಘೋಷಣೆ. ಮಾದರಿಗೆಂದು 2014ರ ಕಠ್ಮಂಡು ಘೋಷಣೆಯ ಸಾರವನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಅದರಲ್ಲಿ 36 ಅಂಶಗಳಿವೆ. ವ್ಯಾಪಾರ, ವಿದ್ಯುತ್, ಬಡತನ, ಭಯೋತ್ಪಾದನೆ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ನೇಪಾಳದ ಸರ್ಕಾರಕ್ಕೂ ಜನತೆಗೂ ಅವರ ಆತ್ಮೀಯ ಆತಿಥ್ಯಕ್ಕಾಗಿ, ಅಚ್ಚುಕಟ್ಟಾದ ವ್ಯವಸ್ಥೆಗಾಗಿ ನಾಯಕರು ಕೃತಜ್ಞತೆ ಸಲ್ಲಿಸುತ್ತಾರೆ.

ಹತ್ತನೇ ತರಗತಿಯ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಜನತೆಗೆ ಅಂದರೆ ಯಾರಿಗೆ? ಅವರಿಗೆ ಇದನ್ನು ಯಾರು ಓದಿ ಹೇಳುತ್ತಾರೆ?"

ಆ ಕ್ಷಣಕ್ಕೆ ಉತ್ತರ ಕೊಡಲಾಗಲಿಲ್ಲ. ಅದು ವಾಡಿಕೆಯ ಮಾತು ಎಂದು ತೇಲಿಸಿಬಿಡಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ಸಭೆ ಮುಂದಿನ ಶನಿವಾರ. ಈ ಸಂಸ್ಥೆಗಳು ಒಳಗಿನಿಂದ ಹೇಗೆ ನಡೆಯುತ್ತವೆ, ಆತಿಥೇಯರಿಗೆ ಹೇಳುವ ಧನ್ಯವಾದಕ್ಕೆ ಅಲ್ಲಿ ಏನು ಬೆಲೆ? ತಿಳಿದವರು ದಯವಿಟ್ಟು ಬರೆಯಿರಿ.

ಮಸ್ಕಿಯ ಕಲ್ಲು (ರಾಯಚೂರು)
ಭಾನುವಾರ, ರಾತ್ರಿ 8:15

ಮೇಡಂ, ರಾಜ್ಯಶಾಸ್ತ್ರ ಪಾಠ ಮಾಡುವವನು ನಾನು. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಸಾರ್ಕ್ ಎಂಬ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು.

1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಏಳು ದೇಶಗಳು ಸೇರಿ ಸಂಸ್ಥೆ ಕಟ್ಟಿದವು. ಎಂಟನೆಯದಾಗಿ ಅಫ್ಘಾನಿಸ್ತಾನ ಸೇರಿದ್ದು 2007ರಲ್ಲಿ. ಸಂಸ್ಥೆಯ ಮೂಲ ನಿಯಮಪತ್ರವಾದ ಸನ್ನದಿನ ಹತ್ತನೇ ವಿಧಿಯಲ್ಲಿ ಎರಡು ಮಾತುಗಳಿವೆ, ಸಾರ್ಕ್‌ನ ಹಣೆಬರಹವೆಲ್ಲ ಅಲ್ಲೇ ಇದೆ. ಒಂದು, ಯಾವ ಹಂತದಲ್ಲೇ ಆಗಲಿ ತೀರ್ಮಾನಕ್ಕೆ ಎಲ್ಲರ ಒಪ್ಪಿಗೆ ಬೇಕು. ಇನ್ನೊಂದು, ಇಬ್ಬರ ನಡುವಿನ ತಂಟೆ, ವಿವಾದ ಇಲ್ಲಿಗೆ ತರುವಂತಿಲ್ಲ. ಬಹುಮತ ಎಂಬುದೇ ಇಲ್ಲ. ಏಳು ಮಂದಿ ಹೂಂ ಎಂದು ಒಬ್ಬರು ಉಹೂಂ ಎಂದರೆ ಅಲ್ಲಿಗೆ ಮುಗಿಯಿತು.

ಕೆಲಸ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಕೃಷಿ, ಆರೋಗ್ಯ, ಪರಿಸರದಂಥ ವಿಷಯಗಳ ತಾಂತ್ರಿಕ ಸಮಿತಿಗಳು ಕೆಳಗೆ. ಅವುಗಳ ಮೇಲೆ ಕಾರ್ಯಕ್ರಮ ಸಮಿತಿ, ಅದರ ಮೇಲೆ ವಿದೇಶಾಂಗ ಕಾರ್ಯದರ್ಶಿಗಳ ಸ್ಥಾಯಿ ಸಮಿತಿ, ಆಮೇಲೆ ವಿದೇಶಾಂಗ ಸಚಿವರ ಮಂಡಳಿ, ತುದಿಯಲ್ಲಿ ಶೃಂಗಸಭೆ. ನಾಯಕರು ಬಂದು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಘೋಷಣೆಯ ಬಹುಪಾಲು ಸಿದ್ಧವಾಗಿರುತ್ತದೆ. ರಾತ್ರಿಯಿಡೀ ಒಂದೊಂದು ಪದಕ್ಕೆ ಜಗ್ಗಾಡುವವರು ಕೆಳಗಿನ ಅಧಿಕಾರಿಗಳು.

ಆತಿಥೇಯರ ವಿಷಯಕ್ಕೆ ಬರುತ್ತೇನೆ. ಸಾರ್ಕ್‌ನಲ್ಲಿ ಸಭೆ ಕರೆದವರೇ ಅಧ್ಯಕ್ಷರು, ಮುಂದಿನ ಶೃಂಗಸಭೆ ನಡೆಯುವವರೆಗೂ ಅವರೇ. ಮನೆ ಕೊಟ್ಟವರ ಕೈಗೇ ಸೌಟು ಎಂದು ಮಕ್ಕಳಿಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ. 2014ರ ನವೆಂಬರ್ 26 ಮತ್ತು 27ರಂದು ಕಠ್ಮಂಡುವಿನಲ್ಲಿ ನಡೆದ 18ನೇ ಸಭೆಯೇ ಕೊನೆಯದು. ಹಾಗಾಗಿ ಅಧ್ಯಕ್ಷ ಸ್ಥಾನ ಅಂದಿನಿಂದ ನೇಪಾಳದ ಬಳಿಯೇ ಉಳಿದಿದೆ. ಕೊಟ್ಟುಬಿಡೋಣವೆಂದರೆ ತೆಗೆದುಕೊಳ್ಳಲು ಮುಂದಿನ ಆತಿಥೇಯರಿಲ್ಲ. ಆತಿಥ್ಯ ಎಂಬುದು ಈ ಸಂಸ್ಥೆಯ ಅಲಂಕಾರವಲ್ಲ, ಅದರ ಕೀಲು.

ಎಡದಂಡೆ ರೈತ (ಕಾರಟಗಿ)
ಭಾನುವಾರ, ರಾತ್ರಿ 9:30

ಗುರುಗಳೇ, ತಮ್ಮ ವಿವರಣೆ ಚೆನ್ನಾಗಿದೆ. ಆದರೂ ಒಂದು ಮಾತನ್ನು ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹತ್ತು ವರ್ಷ ಮೀರಿ ಸಭೆಯನ್ನೇ ಸೇರದ ಸಂಸ್ಥೆಯ ಧನ್ಯವಾದದ ಪ್ಯಾರಾ ಓದಿ ಮಕ್ಕಳು ಏನು ಕಲಿಯಬೇಕು? ಉಂಡು ಕೈತೊಳೆದು ಹೋದವರ ಬಾಯುಪಚಾರವಲ್ಲವೇ ಅದು?

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ತುಂಗಭದ್ರಾ ಮಂಡಳಿ 1953ರಲ್ಲಿ ಹುಟ್ಟಿತು. ಇವತ್ತು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರೂ ಅದರಲ್ಲಿವೆ. ನೀರು ಎಷ್ಟು, ಯಾವಾಗ, ಯಾರಿಗೆ ಎಂದು ಅಲ್ಲಿ ಲೆಕ್ಕ ಹಾಕಲೇಬೇಕು, ಮುನಿಸಿಕೊಂಡು ಸಭೆಗೆ ಬರದೆ ಕೂತರೆ ಕಾಲುವೆಗೆ ನೀರು ಹರಿಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಾವೆಲ್ಲ ಮೊಬೈಲ್ ಹಿಡಿದು ನಿದ್ದೆಗೆಟ್ಟು ಕೂತಿದ್ದೆವು. ಭತ್ತದ ಸಸಿ ಮಡಿಯಲ್ಲಿತ್ತು. ಹರಿಯುವ ನೀರಿನ ಮೇಲೆಯೇ ನಿಂತು ಒಂದು ವಾರದೊಳಗೆ ಆ ಜಾಗಕ್ಕೆ ತಾತ್ಕಾಲಿಕ ಗೇಟ್ ಕೂರಿಸಿದ ಕೆಲಸಗಾರರಿಗೆ ನಾನು ಕೈಮುಗಿಯುತ್ತೇನೆ. ಧನ್ಯವಾದ ಎಂದರೆ ಹಾಗೆ, ಕೆಲಸ ಕಣ್ಣಿಗೆ ಕಂಡ ಮೇಲೆ ಹೇಳುವಂಥದ್ದು.

ಮಸ್ಕಿಯ ಕಲ್ಲು (ರಾಯಚೂರು)
ಭಾನುವಾರ, ರಾತ್ರಿ 10:05

ಅಣ್ಣ, ಬೇಸರವೇನಿಲ್ಲ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಆದರೆ ಮಂಡಳಿಗೂ ಸಾರ್ಕ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರ. ರಾಜ್ಯಗಳು ಜಗಳವಾಡಿದರೆ ಮೇಲೆ ನ್ಯಾಯಮಂಡಳಿ ಇದೆ, ಸುಪ್ರೀಂ ಕೋರ್ಟ್ ಇದೆ. ಸಾರ್ಕ್‌ನ ಮೇಲೆ ಯಾರೂ ಇಲ್ಲ. ಬನ್ನಿ ಎಂದು ಆಜ್ಞೆ ಮಾಡುವವರಿಲ್ಲ. ಒಬ್ಬರು ಕರೆಯಬೇಕು, ಉಳಿದವರು ಬರಲು ಮನಸ್ಸು ಮಾಡಬೇಕು, ಅಷ್ಟೇ ಅದರ ಬಂಡವಾಳ.

2016ರ ನವೆಂಬರ್‌ನಲ್ಲಿ ಇಸ್ಲಾಮಾಬಾದಿನಲ್ಲಿ 19ನೇ ಸಭೆ ಆಗಬೇಕಿತ್ತು. ಕಾಶ್ಮೀರದ ಉರಿ ಸೇನಾ ಶಿಬಿರದ ಮೇಲಿನ ದಾಳಿಯ ನಂತರ ಭಾರತ ಬರುವುದಿಲ್ಲ ಎಂದಿತು, ಬೇರೆ ದೇಶಗಳೂ ಹಿಂದೆ ಸರಿದವು, ಸಭೆ ನಿಂತಿತು. ಕಠ್ಮಂಡು ಘೋಷಣೆಯ ತುದಿಯಲ್ಲಿ ಮುಂದಿನ ಸಭೆಗೆ ಪಾಕಿಸ್ತಾನ ಕೊಟ್ಟ ಆಹ್ವಾನವೂ ಇದೆ, ನೇಪಾಳಕ್ಕೆ ಸಲ್ಲಿಸಿದ ಕೃತಜ್ಞತೆಯೂ ಇದೆ. ಕೃತಜ್ಞತೆ ಅದನ್ನು ಬರೆದ ದಿನವೇ ಸಂದಿತು. ಆಹ್ವಾನ ಹಾಗೇ ಕಾಗದದಲ್ಲಿ ಉಳಿಯಿತು. ಈ ಭಾಗವನ್ನು ಮಕ್ಕಳಿಗೆ ಓದಿಸಿ ಮೇಡಂ, ಅವರು ತಾವಾಗಿಯೇ ಯೋಚಿಸುತ್ತಾರೆ.

ಕೋಟೆ ಕೆಳಗಿನ ಮನೆ (ಬಳ್ಳಾರಿ)
ಸೋಮವಾರ, ಬೆಳಿಗ್ಗೆ 6:20

ನಾನು ನಿವೃತ್ತ ಎಂಜಿನಿಯರ್. ರಾತ್ರಿಯೇ ಇದನ್ನೆಲ್ಲ ಓದಿ ಮಲಗಿದೆ, ನಿದ್ದೆ ಬರಲಿಲ್ಲ. ಸಾರ್ಕ್‌ನ ಎರಡನೇ ಶೃಂಗಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1986ರ ನವೆಂಬರ್ 16 ಮತ್ತು 17ರಂದು. ಇದನ್ನು ಯಾರೂ ಇನ್ನೂ ಹೇಳಲಿಲ್ಲವಲ್ಲ! ಪ್ರಧಾನಿ ರಾಜೀವ್ ಗಾಂಧಿ, ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ನೇಪಾಳದ ದೊರೆ ಬೀರೇಂದ್ರ, ಭೂತಾನಿನ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಶ್ರೀಲಂಕಾದ ಜಯವರ್ಧನೆ, ಬಾಂಗ್ಲಾದ ಎರ್ಷಾದ್, ಮಾಲ್ಡೀವ್ಸ್‌ನ ಗಯೂಮ್, ಪಾಕಿಸ್ತಾನದ ಜುನೇಜೊ ಎಲ್ಲರೂ ಬಂದಿದ್ದರು. ಕಠ್ಮಂಡುವಿನಲ್ಲಿ ಸಾರ್ಕ್ ಸಚಿವಾಲಯ ತೆರೆಯುವ ಒಪ್ಪಂದಕ್ಕೆ ವಿದೇಶಾಂಗ ಸಚಿವರು ಸಹಿ ಹಾಕಿದ್ದು ಅಲ್ಲೇ. 1987ರ ಜನವರಿಯಲ್ಲಿ ಸಚಿವಾಲಯ ಶುರುವಾಯಿತು.

ನನಗೆ ಆಗ ಇಪ್ಪತ್ತೈದು ವರ್ಷ. ರಸ್ತೆ ಕೆಲಸದ ಒಂದು ತಂಡದಲ್ಲಿ ಕಿರಿಯ ಎಂಜಿನಿಯರ್. ನಾಯಕರು ಅನೌಪಚಾರಿಕವಾಗಿ ಮಾತನಾಡಲು ನಂದಿ ಬೆಟ್ಟಕ್ಕೆ ಹೋಗುವವರಿದ್ದರು. ಬೆಟ್ಟದ ದಾರಿಯ ತಿರುವುಗಳಲ್ಲಿ ತಡೆಗೋಡೆಯ ಕಲ್ಲುಗಳಿಗೆ ಸುಣ್ಣ ಬಳಿಯುವ ಕೆಲಸ ನಮ್ಮದು. ನವೆಂಬರ್ ತಿಂಗಳು, ಬೆಳಗಿನ ಮಂಜು. ಬಳಿದ ಸುಣ್ಣ ಒಣಗುತ್ತಲೇ ಇರಲಿಲ್ಲ. ಕೆಲಸಕ್ಕೆ ಬಂದಿದ್ದ ಒಬ್ಬ ಹೆಂಗಸು ಸೆರಗಿನಿಂದ ಕಲ್ಲಿನ ಮೇಲಿನ ಇಬ್ಬನಿ ಒರೆಸಿ, ಆಮೇಲೆ ಕುಂಚ ಇಡುತ್ತಿದ್ದಳು. ಒಂದೊಂದು ಕಲ್ಲನ್ನೂ ಹಾಗೆಯೇ ಮಾಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. "ದೊರೆಗಳು ಬರುತ್ತಾರಂತಲ್ಲ ಸ್ವಾಮಿ, ದಾರಿ ಕಾಣಬೇಕು" ಎಂದಳು. ಕಾರುಗಳು ಬರುವ ದಿನ ನಮ್ಮನ್ನೆಲ್ಲ ಕೆಳಗೇ ತಡೆದರು, ಒಂದು ಕಾರನ್ನೂ ನಾವು ನೋಡಲಿಲ್ಲ.

ಆ ಹೆಂಗಸಿನ ಕೂಲಿಯಲ್ಲಿ ಎರಡು ದಿನದ್ದು ತಡವಾಗಿ ಬಂತು, ಅದಕ್ಕಾಗಿ ನಾನು ಓಡಾಡಬೇಕಾಯಿತು. ಮೇಡಂ, ನಿಮ್ಮ ಹುಡುಗಿ ಕೇಳಿದ 'ಜನತೆ' ನನ್ನ ಕಣ್ಣಿಗೆ ಆ ಹೆಂಗಸೇ. ಅವಳಿಗೆ ಆ ಪ್ಯಾರಾ ಯಾರೂ ಓದಿ ಹೇಳಲಿಲ್ಲ. ಅಂದು ನನಗೂ ಅಂಥದ್ದೊಂದು ಇದೆ ಎಂದು ಗೊತ್ತಿರಲಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದೆ.

ಮಳೆಮಲ್ಲೇಶ್ವರದ ನೆರಳು (ಕೊಪ್ಪಳ)
ಸೋಮವಾರ, ಬೆಳಿಗ್ಗೆ 7:50

ಹಿರಿಯರೇ, ತಮ್ಮ ಮಾತನ್ನು ಎರಡು ಸಲ ಓದಿದೆ. ಅಪ್ಪಣೆಯಿದ್ದರೆ ಇದನ್ನು ತರಗತಿಯಲ್ಲಿ ಓದುತ್ತೇನೆ.

ಕೋಟೆ ಕೆಳಗಿನ ಮನೆ (ಬಳ್ಳಾರಿ)
ಸೋಮವಾರ, ಬೆಳಿಗ್ಗೆ 8:02

ಅಪ್ಪಣೆ ಏಕೆ ಬೇಕು ತಾಯಿ, ಧಾರಾಳವಾಗಿ ಓದಿ.

ರೊಟ್ಟಿ ಬುಟ್ಟಿ (ಕುಕನೂರು)
ಸೋಮವಾರ, ಮಧ್ಯಾಹ್ನ 2:10

ಅಕ್ಕ, ನೀವು ಕೊಪ್ಪಳದವರೇ ಆಗಿ ಗವಿಮಠದ ಜಾತ್ರೆಯನ್ನು ಮರೆತರೆ ಹೇಗೆ! ಜನವರಿಯಲ್ಲಿ ಮಹಾದಾಸೋಹಕ್ಕೆ ಸುತ್ತಲಿನ ಊರುಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ನಮ್ಮ ಓಣಿಯಲ್ಲಿ ಹತ್ತು ದಿನ ಮೊದಲೇ ಮನೆಮನೆಯಲ್ಲಿ ಬಡಿಯುವ ಸದ್ದು. ಖಡಕ್ ರೊಟ್ಟಿ ಮುರಿಯದಂತೆ ಬುಟ್ಟಿಯಲ್ಲಿ ನಿಲ್ಲಿಸಿ ಜೋಡಿಸುವುದು ನನ್ನ ಅತ್ತೆಯಿಂದ ಕಲಿತ ವಿದ್ಯೆ. ಮೇಲೊಂದು ಒದ್ದೆ ಹಿಂಡಿದ ಬಟ್ಟೆ ಹಾಕಿದರೆ ಮೆತ್ತಗಾಗುತ್ತದೆ, ಒಣ ಬಟ್ಟೆಯೇ ಆಗಬೇಕು.

ಅಲ್ಲಿ ಆತಿಥೇಯರು ಯಾರು, ಅತಿಥಿ ಯಾರು? ರೊಟ್ಟಿ ಕೊಟ್ಟವರೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ, ಎದ್ದು ಬಡಿಸಲು ನಿಲ್ಲುತ್ತಾರೆ. ನಿಮ್ಮ ಸಾರ್ಕ್‌ನಲ್ಲಿ ಸರದಿ ಪ್ರಕಾರ ಒಂದೊಂದು ದೇಶ ಕರೆಯುತ್ತದಲ್ಲ, ಇವತ್ತು ಉಂಡವರು ನಾಳೆ ಬಡಿಸಬೇಕು. ಹಾಗೆ ತಿಳಿದು ಹೇಳಿದ ಧನ್ಯವಾದ ಬಾಯುಪಚಾರ ಆಗಲಾರದು. ಎಡದಂಡೆ ಅಣ್ಣನವರ ಮಾತಿಗೆ ನನ್ನ ಉತ್ತರ ಇದು.

ಮಸ್ಕಿಯ ಕಲ್ಲು (ರಾಯಚೂರು)
ಸೋಮವಾರ, ಸಂಜೆ 5:45

ಅಕ್ಕನವರು ಹೇಳಿದ ಸರದಿಯ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಭೂತಾನ್ ಸಾರ್ಕ್‌ನ ಸ್ಥಾಪಕ ಸದಸ್ಯ. ಆದರೂ ಅದು ಮೊದಲ ಸಲ ಶೃಂಗಸಭೆ ನಡೆಸಿದ್ದು 2010ರಲ್ಲಿ, ಥಿಂಪುವಿನಲ್ಲಿ. ಇಪ್ಪತ್ತೈದು ವರ್ಷ ಎಲ್ಲರ ಮನೆಯಲ್ಲಿ ಉಂಡು, ಕೊನೆಗೆ ತನ್ನ ಮನೆಗೆ ಕರೆದ ದಿನ ಆ ಪುಟ್ಟ ದೇಶಕ್ಕೆ ಎಂಥ ಹೆಮ್ಮೆ ಆಗಿರಬೇಕು ಎಂದು ಯೋಚಿಸಿ. ಮರುವರ್ಷ ಮಾಲ್ಡೀವ್ಸ್ ರಾಜಧಾನಿ ಮಾಲೆಯನ್ನು ಬಿಟ್ಟು ದಕ್ಷಿಣದ ತುದಿಯ ಅಡ್ಡೂ ಹವಳದ್ವೀಪದಲ್ಲಿ ಸಭೆ ಸೇರಿಸಿತು. ದೊಡ್ಡ ಸಭೆ ದೊಡ್ಡ ಊರಿನಲ್ಲೇ ಆಗಬೇಕಿಲ್ಲ ಎಂದು ಅಡ್ಡೂ ತೋರಿಸಿತು.

ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಇನ್ನೂ ಕಟ್ಟುನಿಟ್ಟು. 1967ರಲ್ಲಿ ಬ್ಯಾಂಕಾಕಿನಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಅಧ್ಯಕ್ಷತೆ ದೇಶಗಳ ಇಂಗ್ಲಿಷ್ ಹೆಸರಿನ ಅಕ್ಷರಕ್ರಮದಲ್ಲಿ ವರ್ಷಕ್ಕೊಮ್ಮೆ ಸರಿಯುತ್ತದೆ. ಅಲ್ಲೂ ಸಹಮತವೇ ಆಧಾರ. ಆದರೆ ವರ್ಷ ತಿರುಗಿದರೆ ಸರದಿ ತಿರುಗಲೇಬೇಕು, ಯಾರ ಮುನಿಸಿಗೂ ನಿಲ್ಲುವುದಿಲ್ಲ. ಮ್ಯಾನ್ಮಾರ್ ಪಾಲಿನ 2026ರ ಸರದಿ ಫಿಲಿಪ್ಪೀನ್ಸ್‌ಗೆ ಹೋಯಿತು, ಸರದಿ ಮಾತ್ರ ತಪ್ಪಲಿಲ್ಲ. ಸಾರ್ಕ್‌ಗೂ ಅಂಥದ್ದೊಂದು ಕ್ಯಾಲೆಂಡರ್ ಇದ್ದಿದ್ದರೆ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಇದು ನನ್ನ ವೈಯಕ್ತಿಕ ಅಭಿಪ್ರಾಯ.

ಹಿರಿಯರು ನಂದಿ ಬೆಟ್ಟದ ಮಾತು ಎತ್ತಿದ್ದು ಬಹಳ ಮುಖ್ಯ. 2014ರಲ್ಲಿ ಕಠ್ಮಂಡು ಸಭೆ ಬರಿಗೈಯಲ್ಲಿ ಮುಗಿಯುವ ಹಾಗಿತ್ತು. ಮೂರು ಒಪ್ಪಂದಗಳು ಸಿದ್ಧವಾಗಿದ್ದವು: ವಾಹನ ಸಂಚಾರ, ರೈಲು, ವಿದ್ಯುತ್. ತಮ್ಮ ಆಂತರಿಕ ಪ್ರಕ್ರಿಯೆ ಮುಗಿದಿಲ್ಲ ಎಂದು ಪಾಕಿಸ್ತಾನ ಸಹಿಗೆ ಒಪ್ಪಲಿಲ್ಲ. ಎರಡನೇ ದಿನ ನೇಪಾಳದವರು ನಾಯಕರನ್ನು ಧುಲಿಖೇಲ್ ಎಂಬ ಬೆಟ್ಟದೂರಿಗೆ ಕರೆದೊಯ್ದರು. ಕಡತವಿಲ್ಲ, ಮೈಕ್ ಇಲ್ಲ. ಇಳಿದು ಬರುವಾಗ ವಿದ್ಯುತ್ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತ್ತು, ಸಮಾರೋಪದಲ್ಲಿ ಸಹಿ ಆಯಿತು. ಮೋದಿ ಮತ್ತು ನವಾಜ್ ಷರೀಫ್ ಕೈಕುಲುಕಿದ್ದೂ ಆ ಸಮಾರೋಪದಲ್ಲೇ. ಬೀಗರ ಮುನಿಸು ಚಪ್ಪರದಡಿ ಬಗೆಹರಿಯದಿದ್ದರೆ ಹಿರಿಯರು ಇಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಮಾತಾಡಿಸುವುದಿಲ್ಲವೇ, ಅದೇ ಕೆಲಸವನ್ನು ನೇಪಾಳ ಮಾಡಿತು. ಹಾಗಾಗಿ ಕಠ್ಮಂಡುವಿನ ಆ ಕೊನೆಯ ಪ್ಯಾರಾದಲ್ಲಿ ಊಟ ವಸತಿಯ ಋಣ ಮಾತ್ರವಲ್ಲ, ಸಭೆಯ ಮಾನ ಉಳಿಸಿದ ಋಣವೂ ಇದೆ ಎಂದು ನಾನು ಓದುತ್ತೇನೆ.

ಎಡದಂಡೆ ರೈತ (ಕಾರಟಗಿ)
ಸೋಮವಾರ, ರಾತ್ರಿ 8:40

ಧುಲಿಖೇಲ್ ಸಂಗತಿ ನನಗೆ ತಿಳಿದಿರಲಿಲ್ಲ. ಬಾಯುಪಚಾರ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಎಂಜಿನಿಯರ್ ಸಾಹೇಬರು ಹೇಳಿದ ಆ ತಾಯಿಯ ವಿಷಯದಲ್ಲಿ ನನ್ನ ಸಂಕಟ ಹಾಗೇ ಇದೆ. ಆ ಪ್ಯಾರಾ ಅವಳ ಮನೆಯ ಬಾಗಿಲಿಗೆ ಮುಟ್ಟಬೇಕಿತ್ತು.

ಕನ್ನಡಿ ಕಸೂತಿ (ಸಂಡೂರು)
ಸೋಮವಾರ, ರಾತ್ರಿ 10:25

ನಾನು ತಾಂಡಾದವಳು, ಲಂಬಾಣಿ ಕಸೂತಿ ಮಾಡುತ್ತೇನೆ. ಸಾರ್ಕ್ ಬಗ್ಗೆ ಹೆಚ್ಚು ಓದಿಲ್ಲ. ಆದರೆ 2023ರ ಜುಲೈನಲ್ಲಿ ಜಿ20 ಸಭೆ ಹಂಪಿಗೆ ಬಂದಾಗ ನಮ್ಮ ಕೈಕೆಲಸವೂ ಅಲ್ಲಿಗೆ ಹೋಗಿತ್ತು. ಸಂಸ್ಕೃತಿ ಕಾರ್ಯತಂಡದ ಸಭೆಯ ಹೊತ್ತಿನಲ್ಲಿ 1,755 ಲಂಬಾಣಿ ಕಸೂತಿಯ ವಸ್ತುಗಳನ್ನು ಒಂದೇ ಕಡೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯಿತು. ಅವನ್ನು ಮಾಡಿದ ಕೈಗಳು ಸಂಡೂರಿನ ಸುಮಾರು 450 ಹೆಂಗಸರದು. ಅದೇ ತಿಂಗಳು ಶೆರ್ಪಾಗಳ ಸಭೆಯೂ ಅಲ್ಲೇ ನಡೆಯಿತು. ಶೆರ್ಪಾ ಎಂದರೆ ನಾಯಕರ ಪರವಾಗಿ ಮೊದಲೇ ಮಾತುಕತೆ ನಡೆಸುವವರು ಎಂದು ಆಗ ತಿಳಿಯಿತು. ಸಾರ್ಕ್‌ನಲ್ಲಿ ರಾತ್ರಿಯಿಡೀ ಜಗ್ಗಾಡುವ ಅಧಿಕಾರಿಗಳೆಂದು ಗುರುಗಳು ಹೇಳಿದರಲ್ಲ, ಅಂಥವರೇ ಇರಬೇಕು.

ನಾನು ಮಾಡಿದ್ದು ಒಂದು ಚಿಕ್ಕ ಚೀಲ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ಅಂಚಿಗೆ ಕವಡೆ ಹೊಲಿದು, ನಡುವೆ ಐದು ಕನ್ನಡಿ ಕೂರಿಸಿದ್ದೆ. ಕನ್ನಡಿಯ ಸುತ್ತ ದಾರ ಬಿಗಿಯುವಾಗ ಹೆಚ್ಚು ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಕನ್ನಡಿ ಉದುರುತ್ತದೆ. ಒಂದನ್ನು ಮೂರು ಸಲ ಬಿಚ್ಚಿ ಹೊಲಿದೆ. ನನ್ನ ಚೀಲ ಯಾವ ದೇಶದವರ ಕಣ್ಣಿಗೆ ಬಿತ್ತೋ ಗೊತ್ತಿಲ್ಲ. ಆದರೆ ಅದು ಅಲ್ಲಿತ್ತು.

ಒಂದು ಮಾತು ಹೇಳುತ್ತೇನೆ ಅಕ್ಕ. 'ಜನತೆ' ಎಂದು ಬರೆದರೆ ಅದರಲ್ಲಿ ನಾನಿದ್ದೇನೆ ಎಂದು ನನಗೆ ಅನಿಸುವುದಿಲ್ಲ. 'ಸಂಡೂರಿನ ಹೆಂಗಸರು' ಎಂದು ಬರೆದರೆ ಅನಿಸುತ್ತದೆ. ಊರಿನ ಹೆಸರು ಹಾಕಿಸಿ.

ಮಸ್ಕಿಯ ಕಲ್ಲು (ರಾಯಚೂರು)
ಮಂಗಳವಾರ, ಬೆಳಿಗ್ಗೆ 7:15

ತಂಗಿ, ನೀವು ಹೇಳಿದ್ದಕ್ಕೆ ಪೂರ್ವನಿದರ್ಶನವೂ ಇದೆ. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಗಳು ಕೊನೆಯಲ್ಲಿ ಕೃತಜ್ಞತೆಗೆಂದೇ ಪ್ರತ್ಯೇಕ ನಿರ್ಣಯ ಮಾಡುತ್ತವೆ. ಅದರಲ್ಲಿ ದೇಶದ ಸರ್ಕಾರದ ಜೊತೆಗೆ ಊರಿನ ಜನರನ್ನೂ ಹೆಸರಿಸುವ ರೂಢಿ ಇದೆ. 2014ರಲ್ಲಿ ಪೆರು ದೇಶದಲ್ಲಿ ಸಭೆ ಸೇರಿದಾಗ ಪೆರು ಸರ್ಕಾರಕ್ಕೂ ಲಿಮಾ ನಗರದ ಜನರಿಗೂ ಧನ್ಯವಾದ ಸಲ್ಲಿತು. ಸಾರ್ಕ್‌ನಲ್ಲಿ ಊರಿನ ಹೆಸರು ತಲೆಬರಹಕ್ಕೆ ಬರುತ್ತದೆ, ಬೆಂಗಳೂರು ಘೋಷಣೆ, ಕಠ್ಮಂಡು ಘೋಷಣೆ ಎಂದು. ಧನ್ಯವಾದದ ಸಾಲಿನಲ್ಲಿ ಸಾಮಾನ್ಯವಾಗಿ ದೇಶದ ಹೆಸರೇ.

ಮೇಡಂ, ಮಕ್ಕಳಿಗೆ ವ್ಯಾಕರಣದ ಕಡೆಯಿಂದಲೂ ಒಂದು ಮಾತು ತೋರಿಸಬಹುದು. ಆ ಸಾಲಿನ ಕರ್ತೃ 'ರಾಷ್ಟ್ರ ಹಾಗೂ ಸರ್ಕಾರಗಳ ಮುಖ್ಯಸ್ಥರು'. ಆತಿಥೇಯರು ತಮ್ಮನ್ನು ತಾವೇ ಹೊಗಳಿಕೊಳ್ಳುವಂತಿಲ್ಲ, ಅದನ್ನು ಉಂಡವರೇ ಹೇಳಬೇಕು. ಹಾಗಾಗಿ ನಿಮ್ಮ ಸಭೆಯಲ್ಲಿ ಯಾವ ದೇಶದ ಮೇಜು ಆತಿಥೇಯವೋ ಆ ಗುಂಪಿನ ಕೈಗೆ ಕೊನೆಯ ಪ್ಯಾರಾ ಬರೆಯಲು ಕೊಡಬೇಡಿ.

ಮಳೆಮಲ್ಲೇಶ್ವರದ ನೆರಳು (ಕೊಪ್ಪಳ)
ಗುರುವಾರ, ರಾತ್ರಿ 9:00

ಎಲ್ಲರಿಗೂ ತಿಳಿಸುತ್ತಿದ್ದೇನೆ. ಎಂಜಿನಿಯರ್ ಹಿರಿಯರ ಮಾತನ್ನೂ ಸಂಡೂರಿನ ತಂಗಿಯ ಮಾತನ್ನೂ ತರಗತಿಯಲ್ಲಿ ಓದಿದೆ. ಇಬ್ಬನಿ ಒರೆಸುವ ಸಾಲಿಗೆ ಬಂದಾಗ ಹಿಂದಿನ ಬೆಂಚಿನವರೂ ಸುಮ್ಮನಾದರು. ಕೊನೆಯ ಪ್ಯಾರಾ ಬರೆಯುವ ಕೆಲಸವನ್ನು ಪ್ರಶ್ನೆ ಕೇಳಿದ ಹುಡುಗಿಗೇ ವಹಿಸಿದೆವು. ಅವಳು ಭೂತಾನಿನ ಮೇಜಿನಲ್ಲಿದ್ದಾಳೆ, ಆತಿಥೇಯ ಮೇಜು ನೇಪಾಳದ್ದು, ಹಾಗಾಗಿ ನಿಯಮಕ್ಕೂ ಸರಿ. ಅವಳು ಬರೆದ ಸಾಲು ಹೀಗಿದೆ:

"ಈ ಸಭೆಗೆ ಕುರ್ಚಿ ಹೊತ್ತ, ನೀರು ತುಂಬಿದ, ಬೆಳಿಗ್ಗೆ ಏಳಕ್ಕೇ ಬಂದು ಒಲೆ ಹಚ್ಚಿದ ನಮ್ಮ ಊರಿನ ಅಡುಗೆಯ ಮೂವರು ಅಮ್ಮಂದಿರಿಗೆ ಎಂಟು ದೇಶಗಳ ನಾಯಕರು ಕೃತಜ್ಞರಾಗಿದ್ದಾರೆ."

ಆ ಮೂವರ ಹೆಸರುಗಳನ್ನೂ ಬರೆದಿದ್ದಾಳೆ, ಇಲ್ಲಿ ಹಾಕುತ್ತಿಲ್ಲ. ಬಿಸಿಯೂಟದ ಅಮ್ಮಂದಿರನ್ನು ಶನಿವಾರ ಮುಂದಿನ ಸಾಲಿನಲ್ಲಿ ಕೂರಿಸಿ ಓದುತ್ತೇವೆ. ಒಬ್ಬರು "ನಮ್ಮನ್ನು ಯಾಕೆ ಕರೆಯುತ್ತೀರಿ ಟೀಚರ್, ಆ ಹೊತ್ತಿಗೆ ಸಾಂಬಾರು ಒಲೆಯ ಮೇಲಿರುತ್ತದೆ" ಎಂದರು. ಸಮಾರೋಪವನ್ನು ಊಟದ ನಂತರಕ್ಕೆ ಇಟ್ಟುಕೊಂಡೆವು.

ಇನ್ನೊಂದು ತೊಡಕು ಉಳಿದಿದೆ. ಅಫ್ಘಾನಿಸ್ತಾನದ ಮೇಜಿನ ಮೇಲೆ ಯಾವ ಬಾವುಟ ಇಡಬೇಕು, ಹಳೆಯದೋ ಈಗ ಆಳುವ ತಾಲಿಬಾನಿನದೋ ಎಂದು ಹುಡುಗರು ಜಗಳವಾಡುತ್ತಿದ್ದಾರೆ. ಏನು ಮಾಡಲಿ?

ಮಸ್ಕಿಯ ಕಲ್ಲು (ರಾಯಚೂರು)
ಗುರುವಾರ, ರಾತ್ರಿ 9:35

ನಿಜವಾದ ಸಾರ್ಕ್ ಕೂಡ ಅಲ್ಲೇ ಎಡವಿದೆ ಮೇಡಂ. 2021ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ವಿದೇಶಾಂಗ ಸಚಿವರು ಸೇರಬೇಕಿತ್ತು. ಅಫ್ಘಾನಿಸ್ತಾನದ ಪರವಾಗಿ ಯಾರು ಕೂರಬೇಕು ಎಂಬುದರಲ್ಲಿ ಸಹಮತ ಬರದೆ ಸಭೆ ರದ್ದಾಯಿತು. ಹುಡುಗರನ್ನು ಗದರಿಸಬೇಡಿ, ಹತ್ತನೇ ವಿಧಿಯನ್ನು ಅವರ ಮುಂದಿಡಿ. ಎಂಟೂ ಮೇಜಿನವರು ಒಪ್ಪುವ ಪರಿಹಾರ ಹುಡುಕಲಿ.

ರೊಟ್ಟಿ ಬುಟ್ಟಿ (ಕುಕನೂರು)
ಗುರುವಾರ, ರಾತ್ರಿ 9:50

ಬಾವುಟ ಯಾವುದೇ ಇರಲಿ ಅಕ್ಕ, ಆ ಮೇಜಿಗೂ ಒಂದು ಎಲೆ ಹಾಕಿ. ಶನಿವಾರ ನಮ್ಮ ಮನೆಯಿಂದ ನೂರು ರೊಟ್ಟಿ ಕಳಿಸುತ್ತೇನೆ. ಶಾಲೆಗೆ ಯಾವ ಬಸ್ಸು ಬರುತ್ತದೆ, ಎಷ್ಟು ಗಂಟೆಗೆ, ಅದನ್ನು ತಿಳಿಸಿ.